ಹಳೇ ಕಾರಿನ ಮಾವ

"ರೇಟು ಆಮೇಲೆ ಹೇಳ್ತೀನಮ್ಮ, ಮೊದಲು ಯಾವ ಕಡೆ ಹೋಗ್ತೀರಿ ಅದು ಹೇಳಿ," ಎಂದರು ಹಳೇ ಕಾರಿನ ಮಾವ. ಆ ಹೆಸರು ನಾನೂ ಅಕ್ಕನೂ ಇಟ್ಟದ್ದು. ರಜೆಯಲ್ಲಿ ಪರದೇಶ ಸುತ್ತಲು ಬಂದ ನಮ್ಮಂಥವರಿಗೆ ಹಳೇ ಕಾರು ಮಾರಿ, ತಿಂಗಳು ಕಳೆದ ಮೇಲೆ ಅದನ್ನೇ ವಾಪಸ್ ಕೊಳ್ಳುವುದು ಅವರ ವ್ಯಾಪಾರ. ಕನ್ನಡದವರೆಂದು ಗೊತ್ತಾದ ಕ್ಷಣದಿಂದ ನಾವು ಗಿರಾಕಿಗಳಲ್ಲ, ಮನೆಮಕ್ಕಳು. ಬಾಗಿಲು ಜೋರಾಗಿ ಹಾಕಿದರೆ, "ಅದೇನು ನಿಮ್ಮತ್ತೆ ಮನೆ ಬಾಗಿಲಾ?" ಎಂದು ಗದರುತ್ತಾರೆ. ಬೆಟ್ಟದ ಯಾವ ತಿರುವಿನಲ್ಲಿ ಹಾರ್ನ್ ಹಾಕಬೇಕು, ಯಾವ ಸೇತುವೆ ದಾಟಿದ ಮೇಲೆ ಗಾಳಿಗೆ ಕಿಟಕಿ ಇಳಿಸಬೇಕು, ಎಲ್ಲವನ್ನೂ ಬಾಯಿಪಾಠದಂತೆ ಒಪ್ಪಿಸುತ್ತಾರೆ. ವಾಪಸ್ ಬಂದ ಕಾರನ್ನಂತೂ ಕೂಡಲೇ ತೊಳೆಯುವುದೇ ಇಲ್ಲ. ಸೀಟು ಸರಿಸದೆ, ಕನ್ನಡಿ ತಿರುಗಿಸದೆ ಒಳಗೆ ಕೂತು, ಕಾಲಡಿಯ ಮ್ಯಾಟ್ ಎತ್ತಿ ಅಂಗೈಗೆ ಮರಳು ಉದುರಿಸಿಕೊಂಡು, "ನೋಡು, ಇದು ಸಮುದ್ರಕ್ಕೆ ಹೋಗಿ ಬಂದಿದೆ," ಎನ್ನುತ್ತಾರೆ. "ಸಮುದ್ರ ಎಷ್ಟು ದೂರ ಮಾವ?" ಎಂದೆ. "ಮೂರು ಗಂಟೆ ಆಗುತ್ತಂತೆ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೀನಿ, ಇನ್ನೂ ನೋಡಿಲ್ಲ. ಅಂಗಡಿ ಯಾರು ನೋಡ್ಕೋತಾರೆ?" ತಿರುವು, ಸೇತುವೆ, ಗಾಳಿ, ಎಲ್ಲವೂ ಗಿರಾಕಿಗಳು ಬಂದು ಹೇಳಿದ್ದು. ನಾವು ಆರಿಸಿದ್ದ ಕಾರಿನದೆಂದು ಅವರು ಕೊಟ್ಟಿದ್ದ ಕೀಯನ್ನು ಅಕ್ಕ ಮೆಲ್ಲಗೆ ಅವರ ಕೈಗೇ ವಾಪಸ್ ಇಟ್ಟಳು. "ಓಡಿಸಿ ನೋಡದೆ ನಾವು ಕಾರು ತಗೊಳಲ್ಲ ಮಾವ. ಮುಂದಿನ ಭಾನುವಾರ ಬರ್ತೀವಿ, ಸಮುದ್ರದವರೆಗೂ ಓಡಿಸಿ ನೋಡೋಣ. ಪಕ್ಕದಲ್ಲಿ ನೀವು ಕೂತಿರಬೇಕು." "ಭಾನುವಾರ ಗಿರಾಕಿಗಳು ಜಾಸ್ತಿ ಕಣಮ್ಮ," ಎಂದು ಆಗದೆನ್ನುವಂತೆ ತಲೆಯಾಡಿಸಿದರು. ನಾವು ಗೇಟು ದಾಟಿದ್ದೆವು, ಹಿಂದಿನಿಂದ ಕೂಗಿ ಕೇಳಿದರು: "ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತೀರಿ?"