ಹಮ್ಮಬ್ಬ ಮಾಷ್ಟ್ರ ಹುಟ್ಟುಹಬ್ಬ

ಕೇಕ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಸಕ್ಕರೆ ಕಾಯಿಲೆಯವನ ಹೊಟ್ಟೆಕಿಚ್ಚು ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದಾರೆ. ಇರಲಿ, ಕಾಯಿಲೆಯೂ ಇದೆ, ಕಿಚ್ಚೂ ಇದೆ, ಆದರೆ ಎರಡಕ್ಕೂ ಸಂಬಂಧವಿಲ್ಲ. ಓದುಗ ಮಹಾಶಯರೇ, ನನ್ನ ಈ ಕೋಪಕ್ಕೊಂದು ಚರಿತ್ರೆಯಿದೆ. ಅದು ಸೌದಿ ಅರೇಬಿಯಾದ ಅಲ್ ಅಹ್ಸಾದಲ್ಲಿ, ಎಂಬತ್ತರ ದಶಕದ ಒಂದು ಶುಕ್ರವಾರ, ಜುಮಾ ನಮಾಜಿಗೂ ಬಿರಿಯಾನಿಗೂ ನಡುವಿನ ಹೊತ್ತಿನಲ್ಲಿ ನಡೆದದ್ದು.

ಅಲ್ಲಿ ನಾನು ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಪರವಾನಗಿಯಿಲ್ಲದೆ ಸಭೆ ಸೇರುವ ಹಾಗಿರಲಿಲ್ಲವಾದ್ದರಿಂದ, ನಾವು ಹತ್ತಿಪ್ಪತ್ತು ಮಂದಿ ಕನ್ನಡದವರು ಸಾಹಿತ್ಯದ ಚಪಲ ತೀರಿಸಿಕೊಳ್ಳಲು ಒಂದು ಉಪಾಯ ಹೂಡಿದ್ದೆವು: ಯಾರು ಭಾಷಣ ಮಾಡುತ್ತಾರೋ ಅಂದು ಅವರ ಹುಟ್ಟುಹಬ್ಬ. ನಡುವೆ ಒಂದು ಕೇಕ್, ಅದರ ಮೇಲೆ ಭಾಷಣಕಾರರ ಹೆಸರು, ಯಾರಾದರೂ ಬಾಗಿಲು ಬಡಿದರೆ ಹಾಡುವುದಕ್ಕೊಂದು ಹಾಡು. ಪ್ರಬಂಧ ಓದುವ ನನ್ನ ಖಯಾಲಿಯಿಂದಾಗಿ ನಾನು ಒಂದೇ ವರ್ಷದಲ್ಲಿ ಮೂರು ಸಲ ಹುಟ್ಟಿದ್ದೇನೆ. ಪುನರ್ಜನ್ಮವನ್ನು ನಂಬದ ಧರ್ಮದವನಿಗೆ ಇದು ತುಸು ಹೆಚ್ಚೇ ಆಯಿತು.

ಹಮ್ಮಬ್ಬ ಮಾಷ್ಟ್ರು ಮಂಗಳೂರು ಕಡೆಯ ನಿವೃತ್ತ ಅಧ್ಯಾಪಕರು, ಮಗಳ ಮನೆಗೆಂದು ಅಲ್ಲಿಗೆ ಬಂದವರು. ಯಹೂದಿಗಳ ಇತಿಹಾಸ, ಧರ್ಮಗ್ರಂಥ, ಆಚಾರ ವಿಚಾರಗಳ ಬಗ್ಗೆ ಕನ್ನಡದಲ್ಲೊಂದು ಪುಸ್ತಕ ಬರೆದಿದ್ದರು. ತಾರುಣ್ಯದಲ್ಲಿ ಬೊಂಬಾಯಿಯಲ್ಲಿ ರಾಹೇಲ್ ಬಾಯಿ ಎಂಬ ಯಹೂದಿ ವಿಧವೆಯ ಮನೆಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದರಂತೆ. ಆಕೆ ಇಸ್ರೇಲಿಗೆ ಹೊರಟುಹೋದ ಮೇಲೆ, ಆಕೆಯ ಜನರ ಕಥೆಯನ್ನು ನಮ್ಮ ಜನಕ್ಕೆ ಹೇಳದೆ ಸಾಯುವುದಿಲ್ಲವೆಂದು ಹಠ ಹಿಡಿದು ಬರೆದದ್ದು. ಊರಿನಲ್ಲಿ ಅದನ್ನು ಕೇಳುವವರೇ ಸಿಗಲಿಲ್ಲ. ಯಹೂದಿಗಳ ಉಸಾಬರಿ ನಿಮಗೆ ಯಾಕೆ ಎಂದು ನಮ್ಮವರು ಗದರಿದರು. ಬ್ಯಾರಿಗೆ ಎಂತಕ್ಕೆ ಇದೆಲ್ಲ ಎಂದು ಉಳಿದವರು ನಕ್ಕರು. ಅಲ್ ಅಹ್ಸಾದ ಹುಟ್ಟುಹಬ್ಬವೇ ಅವರಿಗೆ ಸಿಕ್ಕ ಮೊದಲ ವೇದಿಕೆ. ಎದೆನೋವಿನ ಮನುಷ್ಯ, ಕೊನೆಯದೂ ಅದೇ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮನೆ ಭಟ್ಕಳದ ಬಟ್ಟೆ ವ್ಯಾಪಾರಿ ಉಸ್ಮಾನ್ ಸಾಹೇಬರದು. ವಾರವಿಡೀ ಹೂಂ ಎನ್ನುತ್ತಿದ್ದ ಅವರ ಕಿವಿಯಲ್ಲಿ ಶುಕ್ರವಾರ ಬೆಳಿಗ್ಗೆ ನಮ್ಮವನೇ ಒಬ್ಬ ಊದಿದ: ಯಹೂದಿಗಳ ಮೇಲೆ ಭಾಷಣವೆಂದು ಹೊರಬಿದ್ದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿಯೇ, ರದ್ದಾಗಿ ಎಲ್ಲರೂ ಗಂಟುಮೂಟೆ ಕಟ್ಟಬೇಕಾದೀತು ಎಂದ. ಭಯ ಸುಳ್ಳಲ್ಲ, ಒಪ್ಪುತ್ತೇನೆ. ರೇಡಿಯೊ ತಿರುಗಿಸಿದರೆ ಲೆಬನಾನಿನ ಹೆಣಗಳ ಸುದ್ದಿ. ಬಾಂಬು ಹಾಕಿದ ಇಸ್ರೇಲಿನವರ ಮೇಲೆ ನನಗೂ ಸಿಟ್ಟಿತ್ತು, ಈಗಲೂ ಇದೆ. ಆದರೆ ಆ ಸಿಟ್ಟನ್ನು ಬೊಂಬಾಯಿಯ ಮುದುಕಿಯೊಬ್ಬಳ ಒಲೆಗೆ ಸುರಿಯುವುದು ಯಾವ ಸೀಮೆಯ ನ್ಯಾಯ? ಹೆದರಿದವರು ಮುಂಚೆಯೇ ಮಾಷ್ಟ್ರ ಕಿವಿಗೊಂದು ಮಾತು ಹಾಕಬಾರದಿತ್ತೆ? ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹಿರಿಯರ ಎದುರು ಕೇಕ್ ಇಟ್ಟು, ಇವತ್ತು ಭಾಷಣವಿಲ್ಲ, ಬರೀ ಹುಟ್ಟುಹಬ್ಬ ಎಂದು ಸಾರಿ ಚಪ್ಪಾಳೆ ಹೊಡೆಸಿದರಲ್ಲ, ಥೂ. ಬಾಗಿಲು ಬಡಿಯಲು ಯಾವ ಪೊಲೀಸನೂ ಬಂದಿರಲಿಲ್ಲ. ಅವನ ಕೆಲಸವನ್ನು ನಾವೇ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದೆವು.

ಮಾಷ್ಟ್ರು ಚಾಕು ಎತ್ತಿಕೊಂಡರು. ಹುಟ್ಟುಹಬ್ಬದವನೇ ಕೇಕ್ ಕತ್ತರಿಸಬೇಕು, ಕತ್ತರಿಸುವಾಗ ಎರಡು ಮಾತಾಡಿದರೆ ಬೇಡವೆನ್ನುವ ಹಾಗಿಲ್ಲ. ಒಂದು ತೆಳ್ಳನೆಯ ತುಂಡು ಕೊಯ್ದರು, ಕೊಂಕಣ ಕರಾವಳಿಗೆ ಬಂದಿಳಿದು ಗಾಣ ಹೂಡಿ, ಶನಿವಾರ ಮಾತ್ರ ಅದನ್ನು ನಿಲ್ಲಿಸುತ್ತಿದ್ದ ಯಹೂದಿಗಳನ್ನು ಜನ ಶನಿವಾರದ ಗಾಣಿಗರೆಂದು ಕರೆದದ್ದನ್ನು ಹೇಳಿದರು. ಇನ್ನೊಂದು ತುಂಡು, ಶನಿವಾರ ಅವರು ಬೆಂಕಿ ಹೊತ್ತಿಸುವಂತಿಲ್ಲ, ಹೊತ್ತಿಸು ಎಂದು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಅದಕ್ಕೇ ರಾಹೇಲ್ ಬಾಯಿ ಇವರ ಕೋಣೆಯ ಬಾಗಿಲಲ್ಲಿ ನಿಂತು, ಬೊಂಬಾಯಿಯ ಮೇ ತಿಂಗಳಿನಲ್ಲಿ, ಬೆವರು ಒರೆಸಿಕೊಳ್ಳುತ್ತ, ಇವತ್ತು ಭಾರೀ ಚಳಿ ಎನ್ನುತ್ತಿದ್ದಳಂತೆ. ಇವರು ಎದ್ದು ಒಲೆ ಹಚ್ಚುತ್ತಿದ್ದರಂತೆ. ರಂಜಾನಿನಲ್ಲಿ ಅವಳು ಇವರನ್ನು ಬೆಳಗಿನ ಜಾವದ ಸಹರಿ ಊಟಕ್ಕೆ ಎಬ್ಬಿಸುತ್ತಿದ್ದಳು.

“ಮಾಷ್ಟ್ರೇ, ದೊಡ್ಡ ದೊಡ್ಡ ತುಂಡು ಮಾಡಿ, ಬಿರಿಯಾನಿ ಆರ್ತದೆ,” ಎಂದರು ಸಾಹೇಬರು.

ಮಾಷ್ಟ್ರು ತುಂಡನ್ನು ಇನ್ನಷ್ಟು ಸಣ್ಣದು ಮಾಡಿದರು. ಯಹೂದಿಗಳ ಧರ್ಮಗ್ರಂಥದಲ್ಲಿ ಶನಿವಾರ ಆಳಿಗೂ ಬಿಡುವು, ಎತ್ತಿಗೂ ಬಿಡುವು, ನಿನ್ನ ಮನೆಯಲ್ಲಿರುವ ಪರದೇಶಿಗೂ ಬಿಡುವು ಎಂದಿದೆ ಎಂದರು. ಅಲ್ಲಿದ್ದವರೆಲ್ಲ ಪರದೇಶಿಗಳೇ, ಶುಕ್ರವಾರವೂ ಕಫೀಲನ, ಎಂದರೆ ವೀಸಾ ಕೊಟ್ಟ ಧಣಿಯ, ಕರೆಗೆ ಓಡುವವರು ಅವರಲ್ಲಿ ಎಷ್ಟೋ ಮಂದಿ. ಮೂಲೆಯಲ್ಲಿದ್ದವನೊಬ್ಬ ಬಾಯಿಗೆ ಒಯ್ದ ಕೇಕನ್ನು ತಟ್ಟೆಗೆ ಇಳಿಸಿ ಹತ್ತಿರ ಸರಿದು ಕೂತ. ಅಷ್ಟರಲ್ಲಿ ಸಾಹೇಬರು, “ಯಲ್ಲಾ, ಸಾಕು ಮಾಷ್ಟ್ರೇ,” ಎಂದು ಚಾಕು ಕಿತ್ತುಕೊಂಡು, ಉಳಿದರ್ಧ ಕೇಕನ್ನು ಪಟಪಟನೆ ಕೊಚ್ಚಿ ಹಂಚಿಬಿಟ್ಟರು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದು, ಮಾಷ್ಟ್ರ ಜತೆ ಹೊರಬಿದ್ದೆ. ಬಿರಿಯಾನಿ ಬಿಟ್ಟು ಎದ್ದದ್ದು ನನ್ನ ಬದುಕಿನ ಏಕಮಾತ್ರ ತ್ಯಾಗ. ಚಪ್ಪಲಿ ಮೆಟ್ಟುತ್ತ ಮಾಷ್ಟ್ರು ಅಂದರು:

“ರಾಹೇಲ್ ಬಾಯಿ ಇಸ್ರೇಲಿಗೆ ಹೋಗುವಾಗ ಹೇಳಿದ್ದು ಹೇಳ್ಲಿಕ್ಕೇ ಆಗ್ಲಿಲ್ಲ ಮಾರಾಯ. ಅಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಲ್ಲಿ ಎಲ್ಲ ನಮ್ಮವರೇ ಅಂತೆ, ನನಗೆ ಒಲೆ ಹಚ್ಚಿಕೊಡುವವರು ಯಾರು ಅಂತ ಕೇಳಿದ್ರು.”

ಊರಿಗೆ ಮರಳಿದ ವರ್ಷವೇ ಮಾಷ್ಟ್ರು ತೀರಿಕೊಂಡರು. ಆ ಒಂದು ಮಾತಿಗಾಗಿಯೇ ಇಡೀ ಪುಸ್ತಕ ಬರೆದಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ, ಮತ್ತು ಅನ್ನಿಸಿದಾಗಲೆಲ್ಲ ಮೈ ಉರಿಯುತ್ತದೆ. ಎಲ್ಲ ನಮ್ಮವರೇ ಇದ್ದ ಆ ಕೋಣೆಯಲ್ಲಿ ಒಬ್ಬ ಮುದುಕನ ಮಾತಿಗೆ ಒಂದು ಕೇಕಿನಷ್ಟು ಜಾಗವನ್ನೂ ನಾವು ಬಿಡಲಿಲ್ಲ.

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬ. ಮೇ ತಿಂಗಳು, ಸೆಖೆಯೆಂದರೆ ಸೆಖೆ. ಕೇಕ್ ಬಂತು, ಸಿಟ್ಟೂ ಬಂತು. ಮೇಣದಬತ್ತಿ ಚುಚ್ಚಿದ್ದರು, ಬೆಂಕಿಪೊಟ್ಟಣ ಅಲ್ಲೇ ಇತ್ತು, ಯಾರೂ ಹಚ್ಚುತ್ತಿರಲಿಲ್ಲ. ನಾನು ಗಟ್ಟಿಯಾಗಿ, ಇವತ್ತು ಭಾರೀ ಚಳಿ ಎಂದೆ. ಸೊಸೆ ನನ್ನ ಮುಖ ನೋಡಿ, ಎದ್ದುಹೋಗಿ ಫ್ಯಾನ್ ಆರಿಸಿದಳು.