ಹಗಲಲ್ಲೂ ಉರಿಯುವ ಬಲ್ಬುಗಳು

ಮೇ ಕೊನೆಯ ಮಳೆಗೆ ತೋಡು ತುಂಬಿ, ಮನೆಗಳಿಗೆ ಕರೆಂಟು ಕೊಡುವ ಪುಟ್ಟ ಟರ್ಬೈನ್ ತಿರುಗತೊಡಗಿತು. ಅದೇ ಮಧ್ಯಾಹ್ನ ಪದ್ಮಾಕ್ಷಿಯ ಪುಟ್ಟ ಮಗಳು ಮೋಕ್ಷಿತಾಳಿಗೆ ದಮ್ಮು ಶುರುವಾಯಿತು.

ಪದ್ಮಾಕ್ಷಿ ಹುಟ್ಟಿದ್ದು ಇಲ್ಲೇ, ಮುಂಡಾಜೆಯಿಂದ ಮೇಲೆ, ಜೀಪು ನಿಲ್ಲುವಲ್ಲಿಂದಲೂ ನಡೆದು ಹತ್ತಬೇಕಾದ ಮಲೆಕುಡಿಯರ ಮನೆಗಳಲ್ಲಿ. ಬೆಳೆದದ್ದು ಮಾತ್ರ ಮೂಡಬಿದಿರೆಯ ಹಾಸ್ಟೆಲಿನಲ್ಲಿ. ಮಂಗಳೂರಿನಲ್ಲಿ ಡಿಪ್ಲೊಮಾ ಓದಿ, ಮದುವೆಯಾಗಿ ಫರಂಗಿಪೇಟೆ ಸೇರಿದಳು. ಹೆದ್ದಾರಿ ಬದಿಯ ಬಾಡಿಗೆ ಮನೆಯಲ್ಲಿ ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡೇ ಅವಳ ನಿದ್ದೆ. ಬುಡಕಟ್ಟಿನ ಯುವಜನರಿಗೆಂದು ಒಂದು ಸಂಸ್ಥೆ ಬೇಸಗೆ ಇಂಟರ್ನ್‌ಶಿಪ್ ಕೊಟ್ಟಾಗ ಕೆಲವರು ಬನದ ಮರಗಳನ್ನು ಗುರುತಿಸಲು ಹೋದರು, ಕೆಲವರು ಅಜ್ಜಿಯರು ಹಾಡುವ ಪಾಡ್ದನಗಳನ್ನು ಧ್ವನಿ ಮುದ್ರಿಸಲು. ಅವಳ ಪಾಲಿಗೆ ಬಂದದ್ದು ತವರಿನ ಟರ್ಬೈನ್ ನೋಡಿಕೊಳ್ಳುವ ಕೆಲಸ. ಮಗುವನ್ನು ನನ್ನ ಹತ್ತಿರವೇ ಬಿಡು ಎಂದು ಗಂಡ ವಸಂತ ಎಷ್ಟು ಹೇಳಿದರೂ ಕೇಳದೆ, ಮದ್ದನ್ನು ಹಬೆ ಮಾಡಿ ಕೊಡುವ ನೆಬುಲೈಸರ್ ಸಮೇತ ಕರೆತಂದಿದ್ದಳು.

ಇಲ್ಲಿಯ ಕರೆಂಟಿಗೆ ಅದರದ್ದೇ ಒಂದು ಕಟ್ಟಳೆ. ಪೈಪಿನ ನೀರು ಒಂದೇ ಸಮ ಬೀಳುತ್ತದೆ, ಚಕ್ರ ಒಂದೇ ಸಮ ತಿರುಗುತ್ತದೆ. ಹುಟ್ಟಿದ ಕರೆಂಟನ್ನು ಉಣ್ಣಲು ಎಲ್ಲ ಮನೆಗಳ ಬಲ್ಬುಗಳೂ ಹಗಲಲ್ಲಿ ಸಹ ಉರಿಯುತ್ತಿರಬೇಕು. ಒಬ್ಬರು ಆರಿಸಿದರೆ ಅವರ ಪಾಲು ಉಳಿದವರ ಮೇಲೆ ಬೀಳುತ್ತದೆ; ಹೆಚ್ಚಾದರೆ ಬಲ್ಬುಗಳು ಸುಡುತ್ತವೆ. ಸ್ವಿಚ್ಚಿಗೆ ಕೈ ಹಾಕಬೇಡಿ ಎಂದು ಮನೆಮನೆಗೆ ಹೋಗಿ ನೆನಪಿಸಿದ್ದವಳು ಪದ್ಮಾಕ್ಷಿಯೇ.

ಈಗ ಅವಳ ಮುಂದೆ ನೆಬುಲೈಸರ್ ಸೊರಗಿದ ದುಂಬಿಯ ಹಾಗೆ ಗುಂಯ್‌ಗುಡುತ್ತಿತ್ತು. ಹಬೆ ಏಳುತ್ತಿರಲಿಲ್ಲ. ಮಗುವಿನ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೆಳೆದು ಸೆಳೆದು ಬಿಡುತ್ತಿತ್ತು. ವೋಲ್ಟೇಜ್ ಸಾಲದು ಎಂದುಕೊಂಡು ಪದ್ಮಾಕ್ಷಿ ತನ್ನ ಮನೆಯ ಬಲ್ಬುಗಳನ್ನು ಆರಿಸಿದಳು. ಯಂತ್ರ ಸ್ವಲ್ಪ ಚುರುಕಾಯಿತು. ಇನ್ನೂ ಸ್ವಲ್ಪ ಸಿಕ್ಕಿದರೆ ಸಾಕಿತ್ತು. ಪಕ್ಕದ ಮನೆಗೆ ಓಡಿದಳು.

ಅತ್ತಿಗೆ ಸರಸ ಬೆತ್ತ ಸೀಳುತ್ತಾ ಕೂತಿದ್ದಳು.

"ಸರಸಕ್ಕ, ಲೈಟ್ ಆಫ್ ಮಾಡಿ."

"ಆಫ್ ಮಾಡ್ಬಾರ್ದು ಅಂತ ನೀನೇ ಅಲ್ವ ಮಾರಾಯ್ತಿ ಹೇಳಿದ್ದು?"

ಪದ್ಮಾಕ್ಷಿ ಒಳನುಗ್ಗಿ ತಾನೇ ಸ್ವಿಚ್ಚು ಒತ್ತಿದಳು. ಅದರಾಚೆಯ ಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿಯದನ್ನೂ ಒತ್ತಿದಳು. ಮರಳಿ ಅಂಗಳಕ್ಕೆ ಬರುವಷ್ಟರಲ್ಲಿ ಉಳಿದ ಮನೆಗಳ ಬಲ್ಬುಗಳು ಹಾಲಿನಂತೆ ಬೆಳ್ಳಗಾದವು. ಮರುಕ್ಷಣ ಒಂದೊಂದಾಗಿ ಪಟ್ ಎಂದವು. ಒಳಗೆ ಯಂತ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಮಗು ಮಾಸ್ಕನ್ನು ತಾನೇ ಕಿತ್ತು ತಾಯಿಯ ಮುಖ ನೋಡುತ್ತಿತ್ತು.

ಟರ್ಬೈನಿನ ಹತ್ತಿರವಿದ್ದ ಸೋದರಮಾವ ಚನಿಯಪ್ಪ ನೀರು ಕಟ್ಟಿ ಓಡಿಬಂದ. ಮಗುವನ್ನು ಪಂಚೆಯಲ್ಲಿ ಎದೆಗೆ ಕಟ್ಟಿಕೊಂಡು ಇಳಿದ. ಜೀಪಿನವನಿಗೆ ಫೋನ್ ಮಾಡಲು ಸರಸ ಸಿಗ್ನಲ್ ಸಿಗುವ ಬಂಡೆಯ ಕಡೆ ಓಡಿದಳು.

ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ಕೆಂಪು ನೀರು ಹಾಯುತ್ತಿತ್ತು. ಚನಿಯಪ್ಪ ಪಾದ ಜಾರಿಸಿ ಜಾರಿಸಿ ದಾಟಿದ. ಹಿಂದೆ ಕೊಡೆ ಹಿಡಿದಿದ್ದ ಪದ್ಮಾಕ್ಷಿಗೆ ನೀರಿನ ಸದ್ದಿನಲ್ಲಿ ಮಗಳ ಉಸಿರು ಕೇಳುತ್ತಿರಲಿಲ್ಲ, ಸಣ್ಣ ಅಳು ಮಾತ್ರ ಕೇಳುತ್ತಿತ್ತು. ಆಚೆ ದಡದಲ್ಲಿ ಅಳು ನಿಂತಿತು. ಪದ್ಮಾಕ್ಷಿ ಕೊಡೆ ಬಿಟ್ಟು ಹತ್ತಿರ ಧಾವಿಸಿದಳು.

"ಅಳಿಸು," ಎಂದ ಚನಿಯಪ್ಪ ತಿರುಗದೆ. "ಅಳ್ತಾ ಇದ್ರೆ ಉಸಿರುಂಟು ಅಂತ ಗೊತ್ತಾಗ್ತದೆ."

ಪಂಚೆಯಿಂದ ಹೊರಗೆ ಜೋತಿದ್ದ ಪುಟ್ಟ ಪಾದವನ್ನು ಅವಳು ಚಿವುಟಿದಳು. ಸದ್ದಿಲ್ಲ. ಇನ್ನೂ ಗಟ್ಟಿಯಾಗಿ ಚಿವುಟಿದಳು. ಮಗು ಕೀರಲು ದನಿಯಲ್ಲಿ ಅತ್ತಿತು. ಜೀಪು ಸಿಗುವವರೆಗೂ, ಬೆಳ್ತಂಗಡಿಯ ಆಸ್ಪತ್ರೆಯ ಬಾಗಿಲವರೆಗೂ, ಅವಳು ಹಾಗೆ ಚಿವುಟುತ್ತಲೇ ಬಂದಳು. ಆಮ್ಲಜನಕ ಕೊಟ್ಟ ನರ್ಸು ಕಾಲಿನ ಮೇಲಿನ ಕೆಂಪು ಗುರುತು ಯಾವುದರದ್ದೆಂದು ಕೇಳಿದಾಗ ಪದ್ಮಾಕ್ಷಿ ಹೊದಿಕೆ ಎಳೆದು ಆ ಕಾಲನ್ನು ಮುಚ್ಚಿದಳು.

ಮಗು ಉಳಿಯಿತು. ಆಸ್ಪತ್ರೆಗೆ ಬಂದ ವಸಂತ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ಮಗುವನ್ನು ತಾನು ನೋಡಿಕೊಳ್ಳುತ್ತೇನೆ, ಕತ್ತಲು ಮಾಡಿಬಂದ ಮನೆಗಳಿಗೆ ಬೆಳಕು ಕೊಟ್ಟು ಬಾ ಎಂದಷ್ಟೇ ಹೇಳಿದ.

ಬಲ್ಬುಗಳ ಚೀಲ ಹೊತ್ತು ಅವಳು ಒಬ್ಬಳೇ ಹತ್ತಿದಳು. ಮನೆಮನೆಗೂ ಬಲ್ಬು ಹಾಕಿ ಕೊನೆಗೆ ತನ್ನ ಕೋಣೆಗೆ ಬಂದರೆ, ಅಲ್ಲಿಯ ಸ್ವಿಚ್ಚಿನ ಮೇಲೆ, ಕೈ ತಾಗದಂತೆ, ಬೆತ್ತದ ಸೀಳುಗಳ ಪುಟ್ಟ ಬುಟ್ಟಿಯೊಂದು ಗೋಡೆಗೆ ಕಚ್ಚಿಕೊಂಡಿತ್ತು. ಬಾಗಿಲಲ್ಲಿ ಸರಸ ನಿಂತಿದ್ದಳು.

"ಎಲ್ಲರ ಮನೆಗೂ ಮಾಡಿದ್ದೀರಾ ಸರಸಕ್ಕ?"

"ನಿನಗೆ ಮಾತ್ರ. ಬೇರೆಯವರೆಲ್ಲ ಹೇಳಿದ ಮಾತು ಕೇಳ್ತಾರೆ."

ಚನಿಯಪ್ಪ ನೀರು ಬಿಟ್ಟ. ಹಗಲ ಬೆಳಕಿನಲ್ಲಿ ಬಲ್ಬುಗಳು ಒಟ್ಟಿಗೆ ಹೊತ್ತಿದವು. ಪದ್ಮಾಕ್ಷಿ ನೋಡುತ್ತಾ ನಿಲ್ಲದೆ ಬಂಡೆ ಹತ್ತಿ ವಸಂತನಿಗೆ ಫೋನ್ ಮಾಡಿದಳು. ಹುಷಾರಾಗಿದ್ದಾಳೆ, ಆಡ್ತಾ ಇದ್ದಾಳೆ ಎಂದ.

"ಮಾತು ಬೇಡ. ಫೋನನ್ನು ಅವಳ ಎದೆಯ ಹತ್ತಿರ ಹಿಡೀರಿ."

ಅತ್ತಲಿಂದ ಬಟ್ಟೆ ಸರಿದ ಸದ್ದು. ಪದ್ಮಾಕ್ಷಿ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಳು.