ಅಕ್ಕ ಕಂಡ ಮೂರು ಚುಕ್ಕಿ

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ ಅಕ್ಕನಿಗೆ ನಲವತ್ತಾರು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಊಟಿ ಹತ್ತಿರ ನಂಜನಾಡಿನ ಆಚೆಗಿರುವ ಅವಳ ಹಟ್ಟಿಯಲ್ಲಿ, ಇಳಿಜಾರಿನ ಕೆಳಗೆ ಕ್ಯಾರೆಟ್ ಕೀಳುತ್ತಿದ್ದವರನ್ನು ಮನೆಬಾಗಿಲಲ್ಲೇ ನಿಂತು ಊಟಕ್ಕೆ ಕೂಗಿ ಕರೆಯುತ್ತಿದ್ದವಳು ಅವಳು. ಆಪರೇಷನ್ ಆದಮೇಲೆ ಕುತ್ತಿಗೆಯ ತೂತಿನಿಂದ ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ನಾನು ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು, ಗೂಡಲೂರಿನ ಒಂದು ಶಾಲೆಯಲ್ಲಿ ಟೀಚರ್. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿದ್ದು, ಗುಂಡ್ಲುಪೇಟೆಯ ಹಾಸ್ಟೆಲಿಗೆ ಕರೆದುಕೊಂಡು ಹೋಗಿ ಸೇರಿಸಿದ್ದು ಎಲ್ಲ ಅಕ್ಕನೇ. ತಾನು ಊರಿನ ತಮಿಳು ಶಾಲೆಯನ್ನು ಎಂಟನೇ ಕ್ಲಾಸಿಗೆ ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಅವಳಿಗೆಂದು ಒಂದು ಸ್ಲೇಟು ತಂದುಕೊಟ್ಟೆ. ಅದನ್ನು ಅವಳು ದಿಂಬಿನ ಕೆಳಗೆ ತಳ್ಳಿದಳು. ಆಗ ಅವಳ ಫೋನು ತೆಗೆದುಕೊಂಡೆ. ಹೊಸ ಆ್ಯಪ್ ಹಾಕಲು ಅದರಲ್ಲಿ ಜಾಗವಿರಲಿಲ್ಲ. ಮೊದಲಿಂದಲೂ ಇದ್ದ ಮೆಸೇಜ್ ಆ್ಯಪಿನ ಸೆಟ್ಟಿಂಗ್ ತೆರೆದು, ಚಾಟ್ ಎಂಬುದನ್ನು ಆನ್ ಮಾಡಿದೆ. ನಂಬರು ವೆರಿಫೈ ಆಗುವವರೆಗೆ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಆಮೇಲೆ ನಾನು ವಾರ್ಡಿನ ಹೊರಗೆ ಹೋಗಿ ಅಲ್ಲಿಂದ ನನ್ನ ಫೋನಿನಲ್ಲಿ ಟೈಪ್ ಮಾಡತೊಡಗಿದೆ. ಅವಳ ಪರದೆಯಲ್ಲಿ ಮೂರು ಚುಕ್ಕಿ ಕುಣಿದವು. ವಾಪಸು ಬಂದಾಗ ಅವಳು ಅದನ್ನು ಬೆರಳಿಂದ ತೋರಿಸಿ, ಇದೇನು ಎಂದು ಹುಬ್ಬಿನಲ್ಲೇ ಕೇಳಿದಳು.

"ನಾನು ಬರೀತಾ ಇದೀನಿ ಅಂತ ಅರ್ಥ ಅಕ್ಕ. ನಾನು ಬಾಯಿ ತೆರೆದ ಹಾಗೆ," ಎಂದೆ.

ಓದಿದಮೇಲೆ ಓದಿದ ಗುರುತು ಬೀಳುತ್ತದೆ ಎಂಬುದನ್ನೂ, ಫೋಟೊ ಮಸುಕಾಗದೆ ಹೋಗುತ್ತದೆ ಎಂಬುದನ್ನೂ ಹೇಳಿಕೊಟ್ಟೆ. ಎರಡೇ ದಿನದಲ್ಲಿ ಕಲಿತಳು.

ಮುಂದಿನ ಎಂಟು ತಿಂಗಳು ನಾವು ಹಾಗೇ ಮಾತಾಡಿದೆವು. ಅವಳು ನಮ್ಮ ನೀಲಗಿರಿಯ ಬಡಗ ಮಾತನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದಳು. ಅದರಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ, ಏನು ಬರೆದಿದ್ದಾಳೆಂದು ಗಟ್ಟಿಯಾಗಿ ಓದಿ ನೋಡಿಯೇ ತಿಳಿಯಬೇಕಿತ್ತು. ಅವಳ ಮನೆಯೊಳಗೆ ನೆಟ್ ಸಿಗುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಮೋಟುಗೋಡೆಯ ಮೇಲೆ ಕೂತರೆ ಸಿಗುತ್ತದೆ. ಚುಕ್ಕಿ ಕುಣಿಯತೊಡಗಿದರೆ ಅಕ್ಕ ಕುತ್ತಿಗೆಗೆ ಉಲ್ಲನ್ ಶಾಲು ಸುತ್ತಿಕೊಂಡು ಅಲ್ಲಿ ಕೂತಿರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಹಿಮ ಬಿದ್ದು ಕಪ್ಪಾದ ಆಲೂಗೆಡ್ಡೆ ಸೊಪ್ಪು, ಹಿತ್ತಲಿಗೆ ಬಂದ ಕಾಡೆಮ್ಮೆ, ಎಲ್ಲದರ ಫೋಟೊ ಕಳಿಸುತ್ತಿದ್ದಳು. ಮಾತು ಹೋದಮೇಲೆ ಅವಳು ನನ್ನೊಡನೆ ಮುಂಚಿಗಿಂತ ಹೆಚ್ಚು ಮಾತಾಡಿದಳು.

ಒಂದು ಬುಧವಾರ, ಶಾಲೆಯಲ್ಲಿ ಊಟದ ಬಿಡುವಿನ ಹೊತ್ತು. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆಯುತ್ತಿದ್ದಾಗ ಅವಳಿಂದ ಫೋಟೊ ಬಂತು. ಹಿಂದಿನ ವಾರ ತೆಗೆಸಿದ್ದ ಸ್ಕ್ಯಾನಿನ ರಿಪೋರ್ಟು. ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಭಾವ ಅವಳಿಗೆ ಹೇಳಿದ್ದರಂತೆ. ರೇಷನ್ ಕಾರ್ಡು ಹುಡುಕುವಾಗ ಬೀರುವಿನ ಮೇಲ್ತಟ್ಟಿನಲ್ಲಿ, ಬಟ್ಟೆಗಳ ಹಿಂದೆ ಈ ಕವರು ಸಿಕ್ಕಿತಂತೆ. ಏನೂ ಇಲ್ಲದಿದ್ದರೆ ಇದನ್ನು ಯಾಕೆ ಬಚ್ಚಿಡಬೇಕು, ಇಂಗ್ಲಿಷಿನಲ್ಲಿದೆ, ನೀನು ಓದಿ ಹೇಳು ಎಂದು ಕೆಳಗೆ ಬರೆದಿದ್ದಳು.

ಹಿಗ್ಗಿಸಿ ನೋಡಿದೆ. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಎರಡೂ ಶ್ವಾಸಕೋಶಗಳಲ್ಲಿ ಗಂಟುಗಳಿವೆ, ಕಾಯಿಲೆ ಹರಡಿರುವ ಲಕ್ಷಣ ಎಂದು ಕೊನೆಯ ಸಾಲಿನಲ್ಲಿತ್ತು.

ನಾನು ಓದಿದೆ ಎಂಬ ಗುರುತು ಅಷ್ಟರಲ್ಲಿ ಅವಳಿಗೆ ಹೋಗಿಯಾಗಿತ್ತು. ಇನ್ನು ನೋಡಿಲ್ಲ ಎನ್ನುವ ಹಾಗಿರಲಿಲ್ಲ. "ಅಕ್ಕ" ಎಂದು ಬರೆದೆ, ಅಳಿಸಿದೆ. "ಸ್ವಲ್ಪ ಕಾಯಿಲೆ ಉಳಿದಿದೆ" ಎಂದು ಬರೆದು ಅದನ್ನೂ ಅಳಿಸಿದೆ. ಇದ್ದದ್ದನ್ನು ಇದ್ದ ಹಾಗೇ ಒಮ್ಮೆ ಪೂರ್ತಿ ಬರೆದೆ. ಟ್ಯಾಂಕಿನ ಗೋಡೆಯ ಮೇಲೆ ಒಬ್ಬಳೇ ಕೂತು ಅವಳು ಇದನ್ನು ಓದುವುದನ್ನು ನೆನೆದು ಕೈ ಬರಲಿಲ್ಲ. ಅಳಿಸಿದೆ. ಬಿಡುವು ಮುಗಿದ ಬೆಲ್ ಹೊಡೆಯಿತು. ಕೊನೆಗೆ, "ಹೆದರುವಂಥದ್ದು ಏನೂ ಇಲ್ಲ ಅಕ್ಕ, ಮುಂದಿನ ತಿಂಗಳು ಡಾಕ್ಟರು ನೋಡಿ ಹೇಳ್ತಾರಂತೆ" ಎಂದು ಕಳಿಸಿದೆ.

ಅವಳಿಂದ ತಕ್ಷಣ ಬಂತು: "ಇಷ್ಟು ಹೊತ್ತು ಬರೆದೆ. ಇಷ್ಟೇನಾ ಬರೆದದ್ದು?"

ಫೋನನ್ನು ಬ್ಯಾಗಿಗೆ ಹಾಕಿ ಕ್ಲಾಸಿಗೆ ಹೋದೆ.

ಆಮೇಲೆ ಅವಳ ಕಡೆಯಿಂದ ಚುಕ್ಕಿ ಬರಲಿಲ್ಲ. ನಾನು ಕಳಿಸಿದ್ದಕ್ಕೆ ಓದಿದ ಗುರುತೂ ಬೀಳಲಿಲ್ಲ. ನೆಟ್ ಇಲ್ಲವೇನೋ ಎಂದುಕೊಂಡೆ. ಮೂರು ದಿನ ಕಳೆದಮೇಲೆ, ನಾನು ಆಸ್ಪತ್ರೆಯಲ್ಲಿ ಆನ್ ಮಾಡಿಕೊಟ್ಟಿದ್ದನ್ನು ಅವಳೇ ಹುಡುಕಿ ಆಫ್ ಮಾಡಿದ್ದಾಳೆ ಎಂದು ತಿಳಿಯಿತು. ನನ್ನ ಮಾತುಗಳು ಈಗ ಬರೀ ಸಾದಾ ಎಸ್ಸೆಮ್ಮೆಸ್ ಆಗಿ ಹೋಗುತ್ತಿದ್ದವು. ಅವಳು ನೋಡಿದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಉಂಡೆಯಾ ಎಂದು ಕೇಳಿದರೆ ಒಂದು ದಿನ ಬಿಟ್ಟು "ಉಂಡೆ" ಎಂದು ಬರುತ್ತಿತ್ತು.

ಎರಡು ವಾರ ಬಿಟ್ಟು ಭಾನುವಾರ ಊಟಿ ಬಸ್ಸು ಹತ್ತಿ ಹೋದೆ. ಅಕ್ಕ ಸೊರಗಿಹೋಗಿದ್ದಳು. ಭಾವ ಹಾಲು ತರಲು ಹೊರಟ ಮೇಲೆ ಅವಳು ಫೋನು ತೆಗೆದು ತುಂಬ ಹೊತ್ತು ಬರೆದಳು. ಕಳಿಸಲಿಲ್ಲ, ಪರದೆಯನ್ನೇ ನನ್ನ ಕಡೆ ತಿರುಗಿಸಿ ಹಿಡಿದಳು.

"ನನ್ನನ್ನು ಕಂಡರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ನೀನು ಹೇಳುತ್ತೀಯ ಅಂದುಕೊಂಡಿದ್ದೆ. ಚುಕ್ಕಿ ಬಂತು, ಹೋಯಿತು, ಮತ್ತೆ ಬಂತು. ನೀನು ಬರೆದು ಅಳಿಸುತ್ತಾ ಇದ್ದದ್ದು ಅಲ್ಲಿ ಕೂತು ನೋಡಿದೆ. ಆಗಲೇ ತಿಳಿಯಿತು. ಈಗಲಾದರೂ ಹೇಳು."

ಹೇಳಬೇಕಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಅಳುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಇಷ್ಟು:

"ಅವತ್ತು ಟವರ್ ಸರಿ ಇರಲಿಲ್ಲ ಅಕ್ಕ."

ಅವಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಬರೆದದ್ದನ್ನೆಲ್ಲ ಅಳಿಸಿದಳು. ಎದ್ದು ಹೋಗಿ ನನಗೆ ಕಾಪಿ ಕಾಸಿ ತಂದಳು. ಸಂಜೆ ಬಸ್ಸಿನವರೆಗೂ ಜೊತೆಗೆ ಬಂದಳು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವಳು ಶಾಲಿನೊಳಗಿಂದ ಕೈ ತೆಗೆಯಲಿಲ್ಲ.

ಆರು ವಾರದಲ್ಲಿ ಹೋದಳು. ಆ ಆರು ವಾರ ದಿನವೂ ಬರೆದೆ. ಕೊನೆಕೊನೆಗೆ ನಿಜವನ್ನೂ ಬರೆದೆ, ಕ್ಷಮಿಸು ಎಂದೂ ಬರೆದೆ. ಅವು ಅವಳ ಕಣ್ಣಿಗೆ ಬಿದ್ದವೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಬಡಗರಲ್ಲಿ ಸಾವಿನ ದಿನ ಹಿರಿಯರೊಬ್ಬರು ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ, ಸೇರಿದವರೆಲ್ಲ ಅದು ಕಳೆಯಲಿ ಎಂದು ದನಿಗೂಡಿಸುತ್ತಾರೆ. ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿದ ಪಾಪದ ಮಾತು ಬಂದಾಗ ನನಗೆ ದನಿ ಹೊರಡಲಿಲ್ಲ. ಅಕ್ಕ ಮಾಡದ ಪಾಪ ಅವಳ ತಲೆಯಿಂದ ಇಳಿಯುತ್ತಿತ್ತು. ಅದನ್ನು ಮಾಡಿದ ನಾನು ಹೆಂಗಸರ ಸಾಲಿನಲ್ಲಿ ನಿಂತಿದ್ದೆ.

ಎಲ್ಲ ಮುಗಿದಮೇಲೆ ಭಾವ ಬಂದು ನನ್ನ ಪಕ್ಕ ಕೂತರು. ಶ್ವಾಸಕೋಶದ ವಿಷಯ ಕೊನೆಯವರೆಗೂ ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ ಎಂದರು. ಆಮೇಲೆ, "ನಿನ್ನ ಹತ್ತಿರ ಏನಾದರೂ ಕೇಳಿದ್ದಳಾ?" ಎಂದರು.

"ಇಲ್ಲ ಭಾವ. ಏನೂ ಕೇಳಲಿಲ್ಲ."

"ಅದೊಂದೇ ಸಮಾಧಾನ," ಎಂದು ಮುಖ ಒರೆಸಿಕೊಂಡು, ಹೊರಟುನಿಂತ ನೆಂಟರನ್ನು ಕಳಿಸಿಕೊಡಲು ಎದ್ದು ಹೋದರು.